ಹನ್ನೆರಡು ಸಾವಿರದ ಐನೂರ ಒಂದು

“ಒಂದು ಮಗುವಿಗೆ ಹಬ್ಬ ಹಬ್ಬಕ್ಕೂ ಸ್ವಲ್ಪ ದುಡ್ಡು ಕೊಡಬೇಕು ಅಂತಿದ್ದೀನಮ್ಮ. ಅದಕ್ಕೆ ಟ್ಯಾಕ್ಸ್ ಬೀಳಬಾರದು. ಹೇಗೆ ಅಂತ ಹೇಳಿಬಿಡಿ, ಎದ್ದು ಹೋಗ್ತೀನಿ” ಎಂದು ಟೀಚರ್ ನನ್ನ ಎದುರಿನ ಕುರ್ಚಿಯಲ್ಲಿ ಕೂತಾಗ ಇದು ಹತ್ತು ನಿಮಿಷದ ಕೆಲಸ ಅಂದುಕೊಂಡೆ. ಅದು ಎರಡೂವರೆ ವರ್ಷ ಹಿಡಿಯಿತು. ಅಷ್ಟರಲ್ಲಿ ನನ್ನ ಮಂಡಿ ಹಾಳಾಯಿತು, ಟೀಚರಿಗೆ ನಿದ್ದೆ ಹಾಳಾಯಿತು, ಇನ್ನೊಬ್ಬರ ಮನೆಯ ನೆಮ್ಮದಿ ಹಾಳಾಯಿತು. ಒಂದು ಮಗುವಿನ ಕೈಗೆ ದುಡ್ಡು ಇಡುವುದು ಇಷ್ಟು ಆಯಾಸದ ವಿಷಯ ಎಂದು ಆವತ್ತು ಯಾರಾದರೂ ಹೇಳಿದ್ದರೆ ನಗುತ್ತಿದ್ದೆ.

ಜಯನಗರದಲ್ಲಿ ಸ್ಟೀಲ್ ಪಾತ್ರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನನ್ನ ಆಫೀಸು. ಜನರ ಆದಾಯ ತೆರಿಗೆ ರಿಟರ್ನ್ ತುಂಬಿ ಕೊಡುವುದು, ನೋಟಿಸ್ ಬಂದರೆ ಅವರ ಪರವಾಗಿ ಇಲಾಖೆಗೆ ಹೋಗಿ ನಿಲ್ಲುವುದು ನನ್ನ ಕೆಲಸ. ಟೀಚರ್ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮದುವೆಯಾಗಿರಲಿಲ್ಲ, ಅಕ್ಕ ತಂಗಿ ಅಣ್ಣ ತಮ್ಮ ಯಾರೂ ಇರಲಿಲ್ಲ. ಬಿಟಿಎಂ ಲೇಔಟಿನಲ್ಲಿ ಸ್ವಂತ ಮನೆ; ಕೆಳಗೆ ಅವರು, ಮೇಲೆ ಬಾಡಿಗೆಗೆ ಗದಗ ಕಡೆಯ ಒಂದು ಸಂಸಾರ. ಗಂಡ ಲಿಫ್ಟ್ ಕಂಪನಿಯಲ್ಲಿ ಸರ್ವಿಸ್ ಸೂಪರ್‌ವೈಸರ್, ಹೆಂಡತಿ ಖಾಸಗಿ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ. ಅವರ ಮಗಳನ್ನು ಹುಟ್ಟಿದ ದಿನದಿಂದ ಟೀಚರೇ ನೋಡಿಕೊಂಡಿದ್ದರು. ಈಗ ಹುಡುಗಿ ಯುಕೆಜಿ. ಸ್ಕೂಲಿನಿಂದ ಕರೆತಂದು, ಊಟ ಹಾಕಿ, ಅಪ್ಪ ಅಮ್ಮ ಬರುವ ತನಕ ಇಟ್ಟುಕೊಳ್ಳುವುದು ಅವರ ದಿನಚರಿ. ಅಂಜನಾಪುರದಲ್ಲಿ ಟೀಚರಿಗೆ ಬಂದಿದ್ದ ಸೈಟನ್ನು ಆಗಷ್ಟೇ ಮಾರಿದ್ದರು.

“ಮುಂದೆ ಅವಳು ಏನು ಓದ್ತಾಳೋ ಗೊತ್ತಿಲ್ಲ. ಏನೇ ಓದಲಿ, ಫೀಸ್ ಕಟ್ಟೋ ಹೊತ್ತಿಗೆ ಅಪ್ಪನ ಮುಖ ನೋಡೋ ಹಾಗಾಗಬಾರದು” ಎಂದರು.

ನಾನು ಕಾನೂನು ಹೇಳಿದೆ. ಸಂಬಂಧಿ ಎಂದರೆ ಯಾರು ಎನ್ನುವುದಕ್ಕೆ ಇಲಾಖೆ ತನ್ನದೇ ಪಟ್ಟಿ ಮಾಡಿಕೊಂಡಿದೆ. ಅಜ್ಜ, ಅಜ್ಜಿ, ಒಡಹುಟ್ಟಿದವರು, ಅಪ್ಪ ಅಮ್ಮನ ಒಡಹುಟ್ಟಿದವರು, ಹೀಗೆ. ಅವರು ಮಗುವಿಗೆ ಎಷ್ಟು ಕೊಟ್ಟರೂ ಕೇಳುವವರಿಲ್ಲ. ಆ ಪಟ್ಟಿಯ ಹೊರಗಿನವರು ಕೊಟ್ಟದ್ದು ಒಂದು ಹಣಕಾಸು ವರ್ಷದಲ್ಲಿ ಎಲ್ಲ ಸೇರಿ ಐವತ್ತು ಸಾವಿರದವರೆಗೆ ಇದ್ದರೆ ತೆರಿಗೆ ಇಲ್ಲ. ದಾಟಿತೋ, ದಾಟಿದಷ್ಟಕ್ಕಲ್ಲ, ಇಡೀ ಮೊತ್ತಕ್ಕೆ ತೆರಿಗೆ. ಮಗು ಚಿಕ್ಕದಾದ್ದರಿಂದ ಅದು ತಂದೆಯ ಆದಾಯಕ್ಕೆ ಸೇರುತ್ತದೆ, ಕಟ್ಟಬೇಕಾದವರು ತಂದೆ.

“ನಾನು ಹೊರಗಿನವಳಾ?” ಎಂದರು ಟೀಚರ್.

“ಕಾನೂನಿಗೆ ಹೌದು.”

“ಸರಿ. ಐವತ್ತು ಸಾವಿರ ಅಂದ್ರೆ ಐವತ್ತೇ ಕೊಡ್ತೀನಿ.”

ಒಂದೇ ಚೆಕ್ಕಿನಲ್ಲಿ ಕೊಟ್ಟು ಮುಗಿಸಿ ಎಂದೆ. ಆಗದು, ಹಬ್ಬಕ್ಕೆ ಮಗು ಕೈಯೊಡ್ಡಿ ತೆಗೆದುಕೊಳ್ಳಬೇಕು ಎಂದರು. ನಲವತ್ತು ಸಾವಿರ ಕೊಡಿ, ಸ್ವಲ್ಪ ಅಂತರ ಇರಲಿ ಎಂದೆ. ಕಾನೂನೇ ಬಿಟ್ಟಿರುವಾಗ ಮಗುವಿನ ಪಾಲು ನಾನು ಯಾಕೆ ಕಡಿಮೆ ಮಾಡಲಿ ಎಂದರು. ಸರಿ, ಹನ್ನೆರಡೂವರೆ ಸಾವಿರದಂತೆ ನಾಲ್ಕು ಸಲ. ಗೌರಿ ಹಬ್ಬ, ದೀಪಾವಳಿ, ಸಂಕ್ರಾಂತಿ, ಯುಗಾದಿ ಎಂದು ಅವರು ಬೆರಳು ಮಡಿಸಿದಾಗ ನಾನು ಯುಗಾದಿಯನ್ನು ಹೊಡೆದುಹಾಕಿದೆ. ಯುಗಾದಿ ಒಂದು ಸಲ ಮಾರ್ಚಿನಲ್ಲಿ ಬಂದರೆ ಮತ್ತೊಂದು ಸಲ ಏಪ್ರಿಲಿನಲ್ಲಿ ಬರುತ್ತದೆ. ಒಂದೇ ಹಣಕಾಸು ವರ್ಷದಲ್ಲಿ ಎರಡು ಯುಗಾದಿ ಬಿದ್ದರೆ ಐದು ಸಲ ಕೊಟ್ಟ ಹಾಗಾಗಿ ಮಿತಿ ದಾಟುತ್ತದೆ. ಅದರ ಬದಲು ಜೂನಿನಲ್ಲಿ ಬರುವ ಹುಡುಗಿಯ ಹುಟ್ಟುಹಬ್ಬ ಇಟ್ಟುಕೊಳ್ಳಿ ಎಂದೆ. ಇಂಥ ಸೂಕ್ಷ್ಮ ಎಷ್ಟು ಜನಕ್ಕೆ ಹೊಳೆಯುತ್ತದೆ ಎಂದು ಆವತ್ತು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಹುಡುಗಿಯ ತಂದೆಯನ್ನು ಒಪ್ಪಿಸುವುದು ಟೀಚರ್ ಕೆಲಸವಾಗಿತ್ತು, ಆದರೆ ಆತ ನನ್ನ ಹತ್ತಿರವೂ ಬಂದ. ಕುರ್ಚಿಯ ತುದಿಯಲ್ಲಿ ಕೂತು, “ಮೇಡಂ, ನಾ ಕೇಳಿಲ್ರಿ. ಇದನ್ನ ನೀವು ಎಲ್ಲೆರ ಬರಕೊಳ್ರಿ. ಒಬ್ಬಾಕಿ ಇರೂ ವಯಸ್ಸಾದಾಕಿ ಕಡಿಂದ ರೊಕ್ಕ ತಿಂದಾನ ಅಂತ ಯಾರೂ ಅನಬಾರದು” ಎಂದ. ಹಣ ಮಗುವಿನ ಹೆಸರಿನಲ್ಲೇ ಇರುತ್ತದೆ, ಹದಿನೆಂಟು ತುಂಬುವ ತನಕ ನೀವು ಮುಟ್ಟಬೇಡಿ, ಬಡ್ಡಿಯನ್ನು ನಿಮ್ಮ ರಿಟರ್ನಿನಲ್ಲಿ ತೋರಿಸೋಣ, ಅಷ್ಟೇ ಎಂದೆ. ಬ್ಯಾಂಕಿನಲ್ಲಿ ಹುಡುಗಿಯ ಹೆಸರಿನಲ್ಲಿ ಖಾತೆ ತೆರೆಸಿದ್ದಾಯಿತು. ಗಾರ್ಡಿಯನ್ ಎಂದು ಆತ ಸಹಿ ಹಾಕುವಾಗ ಕೈ ಬಿಗಿಯಾಗಿದ್ದದ್ದು ನನಗೆ ಕಂಡಿತು.

ಒಂದು ವರ್ಷ ಎಲ್ಲವೂ ಸುಸೂತ್ರ. ಟೀಚರ್ ಹಬ್ಬದ ದಿನ ಬೆಳಿಗ್ಗೆ ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ಅದರ ಮೇಲೆ ಚೆಕ್ಕು ಇಟ್ಟು ಹುಡುಗಿಗೆ ಕೊಡುತ್ತಿದ್ದರಂತೆ. ಹುಡುಗಿ ಬಾಳೆಹಣ್ಣು ತಾನಿಟ್ಟುಕೊಂಡು ಚೆಕ್ಕನ್ನು ಅಪ್ಪನಿಗೆ ಕೊಡುತ್ತಿದ್ದಳಂತೆ. ಜುಲೈ ತಿಂಗಳ ನೂಕುನುಗ್ಗಲಿನಲ್ಲಿ ಆತ ಸಂಬಳದ ಸರ್ಟಿಫಿಕೇಟು, ಪಾಸ್‌ಬುಕ್ಕಿನ ಜೆರಾಕ್ಸು ತಂದುಕೊಟ್ಟ. ನಾನು ಬಡ್ಡಿ ಎಷ್ಟು ಬಂದಿದೆ ನೋಡಿ ಬರೆದುಕೊಂಡೆ, ಕೊಡುಗೆ ಐವತ್ತು ಸಾವಿರ, ತೆರಿಗೆ ಇಲ್ಲ ಎಂದು ಸೇರಿಸಿ ರಿಟರ್ನ್ ಕೊಟ್ಟೆ. ಜುಲೈ ಕೊನೆಯ ವಾರದಲ್ಲಿ ನನ್ನ ಮೇಜಿನ ಮೇಲೆ ಕಾಗದ ಎಷ್ಟಿರುತ್ತದೆಂದರೆ ಕಾಫಿ ಲೋಟ ಇಡಲು ಜಾಗ ಇರುವುದಿಲ್ಲ.

ಮರುವರ್ಷ ನೋಟಿಸ್ ಬಂತು. ಯಾರೂ ದೂರು ಕೊಟ್ಟಿದ್ದಲ್ಲ. ಸಾವಿರಾರು ರಿಟರ್ನುಗಳಲ್ಲಿ ಕೆಲವನ್ನು ಪರಿಶೀಲನೆಗೆ ಎತ್ತುತ್ತಾರೆ, ಅದರಲ್ಲಿ ಇದೂ ಸಿಕ್ಕಿಬಿತ್ತು. ಮಗುವಿನ ಖಾತೆಗೆ ಹಣ ಕೊಟ್ಟವರು ಯಾರು, ಅವರಿಗೆ ಎಲ್ಲಿಂದ ಬಂತು, ಅವರು ನಿಮಗೆ ಏನಾಗಬೇಕು ಎಂದು ಕೇಳಿದ್ದರು. ನೋಟಿಸ್ ಹೋದದ್ದು ಆತನ ಕಂಪನಿಯ ವಿಳಾಸಕ್ಕೆ. ಅಕೌಂಟ್ಸಿನವರು ಒಡೆದು ಓದಿ, ಏನು ಗುರು, ಮಗಳ ಹೆಸರಲ್ಲಿ ಯಾರೋ ಸಖತ್ತಾಗಿ ದುಡ್ಡು ಹಾಕ್ತಿದ್ದಾರಂತೆ ಎಂದು ಎಲ್ಲರ ಮುಂದೆ ನಕ್ಕರಂತೆ.

ಆತ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ನನ್ನ ಆಫೀಸಿಗೆ ಬಂದಾಗ ಮುಖ ಕಪ್ಪಿಟ್ಟಿತ್ತು.

“ನಾ ಮೊದಲ ಹೇಳಿದ್ನಿಲ್ರಿ ಮೇಡಂ? ಈಗ ನೋಡ್ರಿ. ಎಲ್ಲಾ ರೊಕ್ಕ ಅವರಿಗೆ ತಿರುಗಿ ಕೊಟ್ಟು, ಮನಿ ಖಾಲಿ ಮಾಡ್ತೀನಿ. ಗೊಟ್ಟಿಗೆರೆ ಕಡೆ ಬಾಡಿಗಿ ಕಡಿಮಿ ಅಂತ ನೋಡಿ ಬಂದೀನಿ.”

“ಯಾವ ತಪ್ಪೂ ಆಗಿಲ್ಲ. ಮಿತಿಯೊಳಗೇ ಇದೆ. ನಾನು ಹೋಗಿ ಹೇಳಿ ಬರ್ತೀನಿ, ಮುಗೀತು. ಟೀಚರ್ ಏನು ಮಾಡಿದ್ರು ಪಾಪ?”

“ಅವರು ಏನೂ ಮಾಡಿಲ್ರಿ. ಅದಕ್ಕ ನನಗ ಹೆಚ್ಚು ಕೆಟ್ಟ ಅನಸ್ತದ” ಎಂದು ಎದ್ದು ಹೋದ.

ಆವತ್ತು ಸಂಜೆಯೇ ಟೀಚರ್ ಫೋನು ಮಾಡಿದರು. ಸ್ಕೂಲು ಬಿಟ್ಟಮೇಲೆ ಹುಡುಗಿಯನ್ನು ನೋಡಿಕೊಳ್ಳಲು ಅವಳ ಅಪ್ಪ ಅಮ್ಮ ನೋಟಿಸ್ ಬಂದ ಮರುದಿನವೇ ಅದೇ ಬಡಾವಣೆಯ ಒಂದು ಕ್ರೆಶ್‌ಗೆ ಸೇರಿಸಿಬಿಟ್ಟಿದ್ದರು. ಕ್ರೆಶ್‌ನ ವ್ಯಾನೇ ಸ್ಕೂಲಿನಿಂದ ಕರೆದುಕೊಂಡು ಹೋಗುತ್ತಿತ್ತು. ಹುಡುಗಿ ಈಗ ಅಮ್ಮನ ಕೈ ಹಿಡಿದು ಟೀಚರ್ ಬಾಗಿಲ ಮುಂದೆಯೇ ಮೆಟ್ಟಿಲು ಹತ್ತಿ ಹೋಗುತ್ತಿದ್ದಳು.

“ಟಾಟಾ ಮಾಡ್ತಾಳೆ. ಅಷ್ಟೇ” ಎಂದರು ಟೀಚರ್. “ಮನೆ ಖಾಲಿ ಮಾಡ್ತಾರಂತೆ, ನಿಜಾನಾ? ದುಡ್ಡು ಹೋದ್ರೆ ಹೋಗ್ಲಿ, ಆ ಮಗೂನ ನನ್ನಿಂದ ತಪ್ಪಿಸಬೇಡಿ ಅಂತ ಸ್ವಲ್ಪ ಹೇಳಮ್ಮ. ನನ್ನ ಮಾತು ಅವನ ಕಿವಿಗೆ ಹೋಗ್ತಿಲ್ಲ.”

ನನಗೆ ರೇಗಿತು. ನಾನು ತೆರಿಗೆಯವಳು, ಮನೆ ಸೇರಿಸುವವಳಲ್ಲ. ಆದರೂ ಆ ಕ್ಷಣದಿಂದ ಈ ಫೈಲು ಬರೀ ಫೈಲಾಗಿ ಉಳಿಯಲಿಲ್ಲ. ತೆರಿಗೆ ಇಲ್ಲದೆ ಇದನ್ನು ಮುಗಿಸಿಬಿಟ್ಟರೆ ಆತನ ಮರ್ಯಾದೆ ಉಳಿಯುತ್ತದೆ, ಮರ್ಯಾದೆ ಉಳಿದರೆ ಹುಡುಗಿ ಮತ್ತೆ ಕೆಳಗಿನ ಮನೆಗೆ ಬರುತ್ತಾಳೆ ಎಂಬುದು ನನ್ನ ಲೆಕ್ಕಾಚಾರ.

ಇಲಾಖೆಯ ಅಧಿಕಾರಿ ಹಣ ಕೊಟ್ಟವರ ಹೇಳಿಕೆಯನ್ನೂ ತೆಗೆದುಕೊಳ್ಳುತ್ತಾರೆ. ಅದಕ್ಕೆ ತಯಾರಿ ಮಾಡಿಸಲು ಟೀಚರನ್ನು ಆಫೀಸಿಗೆ ಕರೆಸಿದೆ. ಅವರು ಕೇಳುವ ಪ್ರಶ್ನೆಗಳನ್ನೆಲ್ಲ ನಾನೇ ಕೇಳುತ್ತಾ ಹೋದೆ. ಸೈಟು ಯಾವಾಗ ಮಾರಿದಿರಿ, ಹಣ ಯಾವ ಬ್ಯಾಂಕಿನಲ್ಲಿದೆ, ಮಗುವಿಗೆ ಒಂದು ಸಲಕ್ಕೆ ಎಷ್ಟು ಕೊಟ್ಟಿರಿ.

“ಹನ್ನೆರಡು ಸಾವಿರದ ಐನೂರ ಒಂದು” ಎಂದರು.

“ಐನೂರು.”

“ಐನೂರ ಒಂದು. ಸೊನ್ನೆಯಲ್ಲಿ ಮುಗಿಯೋ ದುಡ್ಡು ಯಾರಾದ್ರೂ ಮಗುವಿಗೆ ಕೊಡ್ತಾರಾ? ಮುಂದಕ್ಕೆ ಬೆಳೀಲಿ ಅಂತ ಒಂದು ರೂಪಾಯಿ ಸೇರಿಸಲ್ವಾ?”

ಫೈಲು ತೆಗೆದು ಜೆರಾಕ್ಸ್ ನೋಡಿದೆ. ನಾಲ್ಕೂ ಸಲ ಹಾಗೇ ಇತ್ತು. ಒಟ್ಟು ಐವತ್ತು ಸಾವಿರದ ನಾಲ್ಕು ರೂಪಾಯಿ.

“ಟೀಚರ್, ನೀವು ಗಣಿತ ಕಲಿಸಿದವರು! ಐವತ್ತು ದಾಟಬಾರದು ಅಂತ ನಾನು ಎಷ್ಟು ಸಲ ಹೇಳಿದ್ದೆ?”

“ದಾಟಿಲ್ಲವಲ್ಲಮ್ಮ. ಐವತ್ತೇ ಕೊಟ್ಟಿದ್ದು. ಅದು ದುಡ್ಡಲ್ಲ, ಅದು ಒಂದು ರೂಪಾಯಿ.”

ನನ್ನ ತಮ್ಮನ ಮಗನ ಮುಂಜಿಗೆ ನಾನೂ ಸಾವಿರದ ಒಂದು ಇಟ್ಟವಳು. ಆ ಒಂದು ರೂಪಾಯಿಯನ್ನು ನಾವ್ಯಾರೂ ಕೊಟ್ಟದ್ದು ಎಂದು ಎಣಿಸುವುದೇ ಇಲ್ಲ. ಲಕೋಟೆಗೆ ನಾಣ್ಯ ಅಂಟಿಸಿಯೇ ಅಂಗಡಿಯಲ್ಲಿ ಮಾರುತ್ತಾರೆ. ಹಬ್ಬದ ಲೆಕ್ಕದಲ್ಲಿ ಯುಗಾದಿಯನ್ನು ಹಿಡಿದು ಆಚೆಗಿಟ್ಟ ಬುದ್ಧಿವಂತೆಗೆ ಇದು ಹೊಳೆಯಲಿಲ್ಲ. ನಾಲ್ಕು ರೂಪಾಯಿಗೆ ಇಡೀ ಐವತ್ತು ಸಾವಿರ ತೆರಿಗೆಯೊಳಗೆ ಬಿತ್ತು. ಆತನ ಸಂಬಳಕ್ಕೆ ಅದನ್ನು ಸೇರಿಸಿ ಲೆಕ್ಕ ಹಾಕಿದರೆ ಬಡ್ಡಿಯೂ ಕೂಡಿ ಹನ್ನೆರಡು ಸಾವಿರದ ಆಸುಪಾಸು ಆಗುತ್ತಿತ್ತು. ಆದಾಯ ಮುಚ್ಚಿಟ್ಟಿದ್ದೀರಿ ಎಂದು ದಂಡ ಹಾಕಿದರೆ ಅದರ ಎರಡರಷ್ಟು. ಎರಡನೆಯ ವರ್ಷ ದೀಪಾವಳಿಗೆ ಹುಡುಗಿಯ ಮನೆಯವರು ಊರಿಗೆ ಹೋಗಿದ್ದರಿಂದ ಮೂರೇ ಚೆಕ್ಕು ಬಿದ್ದಿತ್ತು, ಅಷ್ಟು ಬಚಾವ್.

ಆಮೇಲಿನ ತಿಂಗಳುಗಳನ್ನು ನೆನೆಸಿಕೊಂಡರೆ ಈಗಲೂ ಕಾಲು ಸೋಲುತ್ತದೆ. ಇಲಾಖೆಯ ಕಟ್ಟಡದಲ್ಲಿ ಆ ಅಧಿಕಾರಿಯ ಕೋಣೆ ನಾಲ್ಕನೆಯ ಮಹಡಿಯಲ್ಲಿತ್ತು, ಲಿಫ್ಟು ಕೆಟ್ಟಿತ್ತು. ಮೊದಲನೆಯ ಸಲ ಹೋದಾಗ ಅಧಿಕಾರಿ ರಜೆ. ಎರಡನೆಯ ಸಲ ಅವರಿಗೆ ವರ್ಗವಾಗಿತ್ತು, ಹೊಸಬರು ಬಂದಿರಲಿಲ್ಲ. ಹೊಸಬರು ಬಂದಮೇಲೆ ಫೈಲು ಬೇರೆ ವಾರ್ಡಿಗೆ ಹೋಗಿತ್ತು. ಅದನ್ನು ಹುಡುಕಿಸಲು ಮತ್ತೆರಡು ಸಲ. ಒಮ್ಮೆ ಆತನೂ ಜೊತೆಗೆ ಬಂದ. ನಿಂತುಹೋದ ಲಿಫ್ಟಿನ ಬಾಗಿಲ ಸಂದಿಯಲ್ಲಿ ಕಣ್ಣಿಟ್ಟು, “ಡೋರ್ ಸ್ವಿಚ್ ಹೋಗೇತ್ರಿ ಮೇಡಂ. ಐದು ನಿಮಿಷದ ಕೆಲಸ” ಎಂದ. ಕಾವಲಿನವನು ಮುಟ್ಟಬೇಡಿ ಸಾರ್ ಎಂದು ಓಡಿಬಂದ. ನಾವು ಹತ್ತಿಕೊಂಡೇ ಹೋದೆವು. ಆವತ್ತು ಕರೆಂಟಿರಲಿಲ್ಲ, ವಿಚಾರಣೆ ಮುಂದಕ್ಕೆ ಹೋಯಿತು.

ದಾರಿಗಳನ್ನೆಲ್ಲ ಹುಡುಕಿದೆ. ನಾಲ್ಕು ರೂಪಾಯಿ ವಾಪಸ್ ಕೊಟ್ಟುಬಿಟ್ಟರೆ? ವರ್ಷ ಮುಗಿದಿದೆ, ಬಂದದ್ದು ಬಂದದ್ದೇ. ಒಂದು ರೂಪಾಯಿಯನ್ನು ಬೇರೆ ಎಂದು ತೋರಿಸಿದರೆ? ಒಂದೇ ಚೆಕ್ಕಿನಲ್ಲಿದೆ. ಹೊಸ ಅಧಿಕಾರಿಯನ್ನೇ ಬಾಯಿಬಿಟ್ಟು ಕೇಳಿದೆ. ನನ್ನಷ್ಟೇ ದಣಿದ ಮನುಷ್ಯ, ಮೇಜಿನ ಎರಡೂ ಕಡೆ ಫೈಲಿನ ರಾಶಿ. “ನನಗೂ ಕಾಣ್ಸುತ್ತೆ ಮೇಡಂ, ಇದು ಶಾಸ್ತ್ರದ ರೂಪಾಯಿ ಅಂತ. ಆದ್ರೆ ಶಾಸ್ತ್ರಕ್ಕೆ ಅಂತ ಬರೆಯೋಕೆ ಇಲ್ಲಿ ಕಾಲಂ ಇಲ್ಲ. ಸಂಬಂಧಿ ಆಗಿದ್ರೆ ಬೇರೆ ಮಾತು” ಎಂದರು.

ಆ ಕೊನೆಯ ಮಾತು ನನ್ನದೇ ವೃತ್ತಿಯವರೊಬ್ಬರ ಕಿವಿಗೆ ಬಿತ್ತು. ನನಗಿಂತ ಹಿರಿಯರು, ದಿನವೂ ಆ ಮೆಟ್ಟಿಲಲ್ಲಿ ಸಿಗುವವರು. ಕೆಳಗೆ ಟೀ ಕುಡಿಯುವಾಗ, “ಏನ್ರೀ ಇದು, ಮಕ್ಕಳಾಟ. ಆ ಟೀಚರು ಮಗುವಿಗೆ ಸೋದರತ್ತೆ ಅಂತ ಒಂದು ಅಫಿಡವಿಟ್ ಮಾಡಿಸಿಬಿಡಿ. ಅಪ್ಪನ ಅಕ್ಕ. ಐವತ್ತಲ್ಲ, ಐದು ಲಕ್ಷ ಕೊಟ್ರೂ ಕೇಳೋ ಹಾಗಿಲ್ಲ. ಗದಗಕ್ಕೆ ಹೋಗಿ ಯಾರು ನೋಡ್ತಾರೆ?” ಎಂದರು.

ನಾನು ಸತ್ಯಹರಿಶ್ಚಂದ್ರನ ವಂಶದವಳೇನಲ್ಲ. ಅಷ್ಟು ಸಲ ಮೆಟ್ಟಿಲು ಹತ್ತಿಳಿದಿದ್ದ ನನಗೆ ಆ ಮಾತು ಬಿಸಿಲಲ್ಲಿ ಮಜ್ಜಿಗೆ ಸಿಕ್ಕಿದ ಹಾಗಾಯಿತು. ಒಂದೇ ಕಾಗದ, ಒಂದೇ ನೋಟರಿ, ಕೆಲಸ ಮುಗಿಯುತ್ತದೆ. ಒಂದು ಸಲ ಅವರನ್ನು ಕೇಳಿ ನೋಡೋಣ ಎಂದು ಭಾನುವಾರ ಟೀಚರ್ ಮನೆಗೆ ಹೋದೆ. ಆತನನ್ನೂ ಕೆಳಗೆ ಕರೆಸಿದೆ. ಆ ಮನೆಗೆ ಆತ ವಾರಗಟ್ಟಲೆ ಕಾಲಿಟ್ಟಿರಲಿಲ್ಲವಂತೆ; ಬಾಗಿಲ ಹತ್ತಿರವೇ ನಿಂತ.

ವಿಷಯ ಹೇಳಿದೆ. ಟೀಚರ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

“ಹಾಗೆ ಬರೆಯಬಹುದಾ? ಅವಳ ಅತ್ತೆ ಅಂತ? ಸರ್ಕಾರದ ಕಾಗದದಲ್ಲಿ?”

ಆ ಮುಖ ನೋಡಲು ನನಗೆ ಕಷ್ಟವಾಯಿತು. ತೆರಿಗೆ ಉಳಿಯುತ್ತದೆ ಎಂಬ ಸಂತೋಷ ಅಲ್ಲಿ ಇರಲಿಲ್ಲ. ತಾನು ಆ ಮಗುವಿಗೆ ಒಂದು ಏನೋ ಆಗುತ್ತೇನೆ ಎಂದು ಬರೆದ ಕಾಗದ ಸಿಗುತ್ತದೆ ಎಂಬುದೊಂದೇ ಇತ್ತು.

ಆತ ಬಾಗಿಲಿಂದಲೇ, “ಬರಸ್ರಿ ಮೇಡಂ. ಖರೇ ಹೇಳಬೇಕಂದ್ರ ಅಕ್ಕ ಇದ್ದಂಗನ ಇದಾರ. ಮಗಳು ಹುಟ್ಟಿದಾಗ ಬಾಣಂತನಕ್ಕ ನಮ್ಮವ್ವ ಬರಾಕ ಆಗಲಿಲ್ಲ, ಇವರ ನೀರು ಹಾಕ್ಯಾರ” ಎಂದ. ಟೀಚರ್ ತಲೆ ಎತ್ತಲಿಲ್ಲ. ಎಷ್ಟೋ ದಿನಗಳ ಮೇಲೆ ಅವರಿಬ್ಬರೂ ಒಂದು ಮಾತಿಗೆ ಒಪ್ಪಿದ್ದರು, ಅದೂ ನನ್ನ ದೆಸೆಯಿಂದ.

ಮೂರು ದಿನ ಯೋಚನೆ ಮಾಡಿದೆ. ಕರಡು ಟೈಪ್ ಕೂಡ ಮಾಡಿದೆ. ಆದರೆ ಅಧಿಕಾರಿ ಟೀಚರಿಗೆ ಪ್ರಮಾಣ ಮಾಡಿಸಿ ಪ್ರಶ್ನೆ ಕೇಳುತ್ತಾರೆ. ನಿಮ್ಮ ತಂದೆಯ ಹೆಸರೇನು, ಆತನ ತಂದೆಯ ಹೆಸರೇನು. ಅವರ ಪಿಂಚಣಿ ಕಾಗದದಲ್ಲಿ ಒಂದು ಹೆಸರು, ಆತನ ಶಾಲೆಯ ಸರ್ಟಿಫಿಕೇಟಿನಲ್ಲಿ ಮತ್ತೊಂದು. ಅಲ್ಲಿ ಸಿಕ್ಕಿಬಿದ್ದರೆ ಹನ್ನೆರಡು ಸಾವಿರದ ಮಾತಲ್ಲ, ಸುಳ್ಳು ಪ್ರಮಾಣದ ಕೇಸು ಆಗುತ್ತದೆ, ಅದು ಆತನ ತಲೆಗೂ ಬೀಳುತ್ತದೆ. ಕೆಲಸ ಹೋದರೆ ಆ ಸಂಸಾರ ಗೊಟ್ಟಿಗೆರೆಗಲ್ಲ, ಗದಗಕ್ಕೇ ಹೊರಡುತ್ತದೆ. ಟೀಚರ್ ಯಾವ ಮಗುವಿಗಾಗಿ ಇಷ್ಟೆಲ್ಲ ಮಾಡಿದ್ದರೋ ಆ ಮಗುವನ್ನು ನಾನೇ ಕೈಯಾರೆ ಕಳಿಸಿದ ಹಾಗಾಗುತ್ತಿತ್ತು. ಕರಡನ್ನು ಹರಿದು ಹಾಕಿದೆ.

ತೆರಿಗೆ ಕಟ್ಟಿಬಿಡೋಣ, ಸಂಬಂಧವಿಲ್ಲ ಎಂದು ಒಪ್ಪಿಕೊಳ್ಳೋಣ, ದಂಡ ಮಾತ್ರ ಬೇಡ ಎಂದು ಕೇಳೋಣ ಎಂದು ಇಬ್ಬರಿಗೂ ಹೇಳಿದೆ. ಟೀಚರ್ ಫೋನಿನಲ್ಲಿ, “ಹಾಗಾದ್ರೆ ಬರೆಯೋದಿಲ್ಲ ಅನ್ನಿ” ಎಂದರು. ನಾಲ್ಕನೆಯ ಮಹಡಿಯ ಮೆಟ್ಟಿಲುಗಳಿಗಿಂತ ಆ ಮೂರು ಪದ ನನ್ನನ್ನು ಹೆಚ್ಚು ಸುಸ್ತು ಮಾಡಿತು.

ತೆರಿಗೆ ನಾನು ಕೊಡುತ್ತೇನೆ, ತಪ್ಪು ನನ್ನದು ಎಂದು ಟೀಚರ್ ಹಟ ಹಿಡಿದರು. ಆತ ಒಪ್ಪಲಿಲ್ಲ. “ನನ್ನ ಮಗಳಿಗೆ ಬಂದ ರೊಕ್ಕದ ಟ್ಯಾಕ್ಸ್ ನಾ ಕಟ್ತೀನಿ. ಇದರಾಗೂ ಅವರ ಕೈ ನೋಡಬೇಕೇನ್ರಿ?” ಎಂದು ಬೋನಸ್ ಹಣ ತೆಗೆದು ಬ್ಯಾಂಕಿನಲ್ಲಿ ಕಟ್ಟಿ ಚಲನ್ ತಂದುಕೊಟ್ಟ. ಆ ದೀಪಾವಳಿಗೆ ಹೆಂಡತಿಗೆ ಸೀರೆ ಇಲ್ಲವಂತೆ. ಹುಡುಗಿ ಕ್ರೆಶ್‌ಗೆ ಹೋಗುವುದು ಮಾತ್ರ ನಿಲ್ಲಲಿಲ್ಲ. ಟೀಚರ್ ಆ ಹಬ್ಬಕ್ಕೆ ಚೆಕ್ಕನ್ನೂ ಬರೆಯಲಿಲ್ಲ. ಕೊಟ್ಟರೆ ಎಲ್ಲಿ ಸಿಟ್ಟಾಗುತ್ತಾರೋ, ಕೊಡದಿದ್ದರೆ ಎಲ್ಲಿ ಮರೆತುಬಿಡುತ್ತಾಳೋ ಎಂದು ನನ್ನನ್ನೇ ಕೇಳಿದರು.

ಕೊನೆಯ ವಿಚಾರಣೆ ಒಂದು ಮಧ್ಯಾಹ್ನ. ಟೀಚರ್ ಒಂದೊಂದು ಮಹಡಿಗೂ ನಿಂತು ಉಸಿರು ತೆಗೆದುಕೊಂಡು ಹತ್ತಿದರು, ಆತ ಅವರ ಹಿಂದೆಯೇ, ಮುಟ್ಟದೆ, ಆದರೆ ಜಾರಿದರೆ ಹಿಡಿಯುವಷ್ಟು ಹತ್ತಿರದಲ್ಲಿ ಹತ್ತಿದ. ಒಳಗೆ ಮೂರೂ ಜನ ಸಾಲಾಗಿ ಕೂತೆವು. ಇಬ್ಬರಿಗೂ ಮೊದಲೇ ಹೇಳಿಟ್ಟಿದ್ದೆ: ಕೇಳಿದ್ದಕ್ಕೆ ಮಾತ್ರ ಉತ್ತರ, ಇದ್ದದ್ದು ಇದ್ದ ಹಾಗೆ.

ಟೀಚರ್ ಹೇಳಿಕೆ ಬೇಗ ಮುಗಿಯಿತು. ಸೈಟು, ಬ್ಯಾಂಕು, ಚೆಕ್ಕು. ಒಂದು ರೂಪಾಯಿ ಯಾಕೆ ಎಂದು ಅಧಿಕಾರಿ ಕೇಳಲಿಲ್ಲ, ತಾವೇ ಬರೆದುಕೊಂಡರು. ಆಮೇಲೆ ಆತನ ಕಡೆ ತಿರುಗಿದರು. ಹೆಸರು, ಕೆಲಸ, ಮಗುವಿನ ಖಾತೆ ಎಲ್ಲ ಆಯಿತು.

“ಹಣ ಕೊಟ್ಟವರು ನಿಮಗೆ ಏನಾಗಬೇಕು?”

ಮೇಲೆ ಫ್ಯಾನು ತಿರುಗುತ್ತಿತ್ತು. ಅಧಿಕಾರಿ ಪೆನ್ನು ಹಿಡಿದು ಕಾದರು. ನಾನು ಆತನ ಮುಖ ನೋಡಲಿಲ್ಲ, ಯಾಕೆಂದರೆ ಆ ಉತ್ತರ ಬರೆಸಲು ಹೇಳಿದವಳು ನಾನು.

ಟೀಚರೇ ಮುಂದೆ ಬಾಗಿ, “ಏನೂ ಆಗಬೇಕಿಲ್ಲ ಸರ್” ಎಂದರು.

“ನಿಮ್ಮದು ಆಯ್ತಲ್ಲ ಅಮ್ಮ. ಇದು ಅವರ ಹೇಳಿಕೆ, ಅವರೇ ಹೇಳಬೇಕು.”

“ಮಗಳು ಅವರ ಕೈಯಾಗ ಬೆಳದಾಳ್ರಿ ಸಾಹೇಬ್ರ” ಎಂದ ಆತ.

“ಅದನ್ನ ನಾನು ಕೇಳ್ಲಿಲ್ಲ. ಸಂಬಂಧ ಏನು, ಅದಷ್ಟೇ.” ಅಧಿಕಾರಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಮಧ್ಯಾಹ್ನದ ಊಟ ಇನ್ನೂ ಆಗಿರಲಿಲ್ಲ ಅವರಿಗೆ.

“ಇವರು… ನಮಗ…” ಎಂದು ಆತ ನಿಲ್ಲಿಸಿದ. ಹೇಳಲು ಪದ ಇಲ್ಲದೆ ನಿಲ್ಲಿಸಿದನೋ, ಇದ್ದ ಪದ ಹೇಳಬಾರದು ಎಂದು ನಾನು ತಾಕೀತು ಮಾಡಿದ್ದಕ್ಕೆ ನಿಲ್ಲಿಸಿದನೋ. ನಾನು ಮಾಡಿಸುತ್ತಿರುವುದು ಸರಿಯಾದ ಕೆಲಸ ಎಂದು ಗೊತ್ತಿದ್ದೂ ಅದು ಮಾಡಬಾರದ ಕೆಲಸದ ಹಾಗೆ ಕಾಣುತ್ತಿತ್ತು.

ಟೀಚರ್ ಆತನ ಕಡೆ ತಿರುಗಿ, ಕರಿಹಲಗೆಯ ಮುಂದೆ ನಿಂತು ತಡಬಡಿಸುವ ಹುಡುಗನಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದರು: “ಹೇಳಪ್ಪ. ಕೇಳಿದ ಲೆಕ್ಕಕ್ಕೆ ಉತ್ತರ ಅಷ್ಟೇ. ನನಗೆ ಬೇಜಾರಿಲ್ಲ.”

“ಏನೂ ಆಗಬೇಕಿಲ್ರಿ” ಎಂದ ಆತ.

ಅಧಿಕಾರಿ ಬರೆದುಕೊಂಡು ಓದಿ ಹೇಳಿದರು. ಚಲನ್ ನೋಡಿ, ದಂಡ ಹಾಕಲು ಕಾರಣವಿಲ್ಲ ಎಂದು ಬರೆಯುತ್ತೇನೆ ಎಂದರು. ಹಾಳೆಗಳನ್ನು ಸಹಿಗೆ ನಮ್ಮ ಕಡೆ ತಳ್ಳಿದರು. ಟೀಚರ್ ಒಂದೊಂದು ಹಾಳೆಯ ಕೆಳಗೂ ದುಂಡಗೆ ಹೆಸರು ಬರೆಯತೊಡಗಿದರು. ಆತ ತನ್ನ ಹಾಳೆಗಳಿಗೆ ಓದದೆ ಬಡಬಡ ಸಹಿ ಹಾಕಿ ಪೆನ್ನು ಕೆಳಗಿಟ್ಟ, ಗೋಡೆಯ ಗಡಿಯಾರ ನೋಡಿದ, ಜೇಬಿನಿಂದ ಮೊಬೈಲು ತೆಗೆದ.

“ಹಲೋ, ಕ್ರೆಶ್ ಏನ್ರಿ? ಇವತ್ತು ನಮ್ಮ ಹುಡುಗಿನ್ನ ವ್ಯಾನಿನ್ಯಾಗ ಹತ್ತಿಸಬ್ಯಾಡ್ರಿ. ಹೂಂ. ನಾಳೆನೂ ಬ್ಯಾಡ್ರಿ. ಆಕಿ ಮನಿಯವರು ಸಾಲಿಗೆ ಬರ್ತಾರ.” ಫೋನು ಇಟ್ಟು, ಟೀಚರ್ ಮುಖ ನೋಡದೆ, “ಸಾಲಿ ಬಿಡೂ ಹೊತ್ತಾತ್ರಿ ಟೀಚರ್. ಕೆಳಗ ಆಟೋ ಸಿಗ್ತಾವ. ಈಗ ಹೊಂಟ್ರ ಮುಟ್ತೀರಿ” ಎಂದ.

ಟೀಚರ್ ಪೆನ್ನನ್ನು ಹಾಳೆಯ ಮೇಲೆಯೇ ಬಿಟ್ಟು ಎದ್ದರು. ಯಾರಿಗೂ ನಮಸ್ಕಾರ ಹೇಳಲಿಲ್ಲ. ಮೂರು ಸಲ ನಿಂತು ಹತ್ತಿಬಂದಿದ್ದ ಹೆಂಗಸು ಒಂದು ಸಲವೂ ನಿಲ್ಲದೆ ಇಳಿದುಹೋಗುವ ಸದ್ದು ಒಳಗೆ ಕೇಳಿಸಿತು.

ಅಧಿಕಾರಿ ಹಾಳೆಗಳನ್ನು ಮಗುಚಿ ನೋಡಿದರು. “ಅವರದ್ದು ಕೊನೇ ಹಾಳೇಲಿ ಸಹಿ ಬಾಕಿ ಇದೆಯಲ್ರೀ. ಸ್ವಲ್ಪ ಕೂಗಿ.”

“ಬೇಡ ಸರ್” ಎಂದೆ. “ನಾಳೆ ನಾನೇ ಮಾಡಿಸಿಕೊಂಡು ಹತ್ತಿ ಬರ್ತೀನಿ.”